ಅಂದಾಜನ್ನು ಅಂದಾಜೆಂದೇ ಹೇಳಿ: ಟೇಬಲ್ ಅಂಕಿಅಂಶದ ಟೂಲ್‌ಗೆ ಎಐ ಏಜೆಂಟ್ ಓದುವ ವಿವರಣೆ ಬರೆಯುವ ಕ್ರಮ

ಎಐ ಏಜೆಂಟ್‌ನ (ತಾನಾಗಿ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುವ ಭಾಷಾ ಮಾದರಿಯ) ಕೈಗೆ ಡೇಟಾಬೇಸ್ ಕೊಡುವಾಗ ಹೆಚ್ಚಿನವರು ಮೊದಲು ಎರಡು ಟೂಲ್, ಅಂದರೆ ಅದು ಕರೆಯಬಲ್ಲ ಫಂಕ್ಷನ್, ಮಾಡುತ್ತಾರೆ: ಟೇಬಲ್‌ಗಳ ಪಟ್ಟಿ ಕೊಡಲು ಒಂದು, ಕ್ವೆರಿ ಓಡಿಸಲು ಇನ್ನೊಂದು. ಟೇಬಲ್ ಎಷ್ಟು ದೊಡ್ಡದು, ಯಾವ ಕಾಲಂನಲ್ಲಿ ಎಂಥ ಮೌಲ್ಯಗಳಿವೆ, ಎಷ್ಟು ಸಾಲು ಖಾಲಿ ಎಂದು ಹೇಳುವ ಮೂರನೆಯ ಟೂಲ್ ನೆನಪಾಗುವುದು, ಏಜೆಂಟ್ ಯಾವುದೋ ದೊಡ್ಡ ಟೇಬಲ್ ಮೇಲೆ ಪೂರ್ತಿ ಎಣಿಕೆ ಓಡಿಸಿ ಸರ್ವರ್ ತಿಣುಕಿದ ಮೇಲೆ. ಇದರ ಕೋಡ್ ದೊಡ್ಡದೇನಲ್ಲ, ಸಿಸ್ಟಂ ಕ್ಯಾಟಲಾಗ್‌ನಿಂದ (ಡೇಟಾಬೇಸ್ ತನ್ನ ಟೇಬಲ್‌ಗಳ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯಿಂದ) ನಾಲ್ಕು ಕ್ವೆರಿ ಸಾಕು. ಕಷ್ಟ ಇರುವುದು ವಿವರಣೆಯಲ್ಲಿ. ಯಾಕೆಂದರೆ ಈ ಟೂಲ್ ಕೊಡುವ ಹೆಚ್ಚುಕಡಿಮೆ ಎಲ್ಲ ಸಂಖ್ಯೆಗಳೂ ಅಂದಾಜು. ಅನುಭವವಿರುವ ಡಿಬಿಎಗೆ (ಡೇಟಾಬೇಸ್ ನೋಡಿಕೊಳ್ಳುವವರಿಗೆ) ಇದು ಗೊತ್ತಿರುತ್ತದೆ. ಏಜೆಂಟ್‌ಗೆ ನಾವು ಬರೆದು ತಿಳಿಸದಿದ್ದರೆ ಅಂದಾಜನ್ನೇ ಲೆಕ್ಕ ಎಂದುಕೊಂಡು ಬಳಕೆದಾರರಿಗೆ ಖಡಾಖಂಡಿತವಾಗಿ ಹೇಳಿಬಿಡುತ್ತದೆ.

ಉದಾಹರಣೆಗೆ ನಮ್ಮ ಕರಾವಳಿಯದ್ದೇ ಒಂದು ಕಾಲ್ಪನಿಕ ಡೇಟಾಬೇಸ್ ಇಟ್ಟುಕೊಳ್ಳೋಣ: ಮಲ್ಪೆ, ಮಂಗಳೂರು ಧಕ್ಕೆ, ಗಂಗೊಳ್ಳಿ ಈ ಮೂರು ಕಡೆ ಯಾಂತ್ರೀಕೃತ ಬೋಟುಗಳು ತಂದ ಮೀನಿನ ಹರಾಜಿನ ಲೆಕ್ಕ. ಟೇಬಲ್‌ನ ಹೆಸರು ‘ಹರಾಜು’. ಕಾಲಂಗಳು ದಿನಾಂಕ, ಬಂದರು, ಬೋಟ್_ಸಂಖ್ಯೆ, ಮೀನು, ಕಿಲೋ, ದರ, ಖರೀದಿದಾರ_ಮೊಬೈಲ್. ಸಾಲುಗಳು 18,40,000. ಡೇಟಾಬೇಸ್ ಪೋಸ್ಟ್‌ಗ್ರೆಸ್. ಓದುವ ಅನುಕೂಲಕ್ಕೆ ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದೆ. ನಿಜವಾದ ಕೋಡಿನಲ್ಲಿ ಟೂಲ್‌ನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಬಿಟ್ಟು ಬೇರೆ ಏನಿದ್ದರೂ ಒಪ್ಪದ ಎಪಿಐಗಳಿವೆ.

ಮೊದಲು ಸಂಖ್ಯೆಯ ಮೂಲ ತಿಳಿದುಕೊಳ್ಳಿ

ವಿವರಣೆ ಬರೆಯುವ ಮುಂಚೆ, ಟೂಲ್ ಕೊಡುವ ಒಂದೊಂದು ಸಂಖ್ಯೆಯ ಎದುರಿಗೂ ಅದು ಎಲ್ಲಿಂದ ಬಂತು, ಯಾವಾಗ ಹೊಸದಾಗುತ್ತದೆ, ಎಷ್ಟು ತಪ್ಪಬಹುದು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಈ ಪಟ್ಟಿ ಇಲ್ಲದೆ ಬರೆದ ವಿವರಣೆ ‘ಟೇಬಲ್‌ನ ಅಂಕಿಅಂಶ ಕೊಡುತ್ತದೆ’ ಎಂಬ ಒಂದು ಸಾಲಿಗೆ ನಿಂತುಬಿಡುತ್ತದೆ. ಅದು ಹೆಸರು ನೋಡಿದರೇ ಗೊತ್ತಾಗುವ ಸಂಗತಿ.

ಸಾಲುಗಳ ಸಂಖ್ಯೆಯನ್ನೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಮೂರು ಮೂಲಗಳಿವೆ, ಮೂರೂ ಬೇರೆ ಬೇರೆ ಉತ್ತರ ಕೊಡಬಲ್ಲವು. ಪಿಜಿ_ಕ್ಲಾಸ್‌ನ ರೆಲ್‌ಟಪಲ್ಸ್ ಎಂಬುದು ಕಳೆದ ಸಲ ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು), ಅನಲೈಸ್ (ಅಂಕಿಅಂಶ ಸಂಗ್ರಹ) ಅಥವಾ ಇಂಡೆಕ್ಸ್ ಕಟ್ಟುವ ಕೆಲಸ ನಡೆದಾಗ ಬರೆದಿಟ್ಟ ಅಂದಾಜು. ಆವೃತ್ತಿ 14ರಿಂದ ಅಲ್ಲಿ −1 ಇದ್ದರೆ ‘ಇನ್ನೂ ಒಮ್ಮೆಯೂ ನೋಡಿಲ್ಲ’ ಎಂದರ್ಥ. ಅದಕ್ಕೂ ಹಿಂದೆ ಇದೇ ಸ್ಥಿತಿಗೆ 0 ಇರುತ್ತಿತ್ತು, ಹಾಗಾಗಿ ಖಾಲಿ ಟೇಬಲ್‌ಗೂ ನೋಡದ ಟೇಬಲ್‌ಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಎರಡನೆಯದು ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್‌ನ ಎನ್_ಲೈವ್_ಟಪ್. ಇದು ಸೇರಿಸಿದ, ಅಳಿಸಿದ ಸಾಲುಗಳನ್ನು ಲೆಕ್ಕ ಹಿಡಿಯುತ್ತಾ ಹೋಗುವ ಕೌಂಟರ್. ಸರ್ವರ್ ಕ್ರ್ಯಾಶ್ ಆಗಿ ಎದ್ದರೆ ಶೂನ್ಯದಿಂದ ಶುರು. ಮೂರನೆಯದು ನಿಜವಾದ ಎಣಿಕೆ. ಅದು ಖಚಿತ, ಆದರೆ ಟೇಬಲ್ ಅಥವಾ ಒಂದು ಇಂಡೆಕ್ಸ್ ಅನ್ನು ಪೂರ್ತಿ ಓದಬೇಕು.

ಇಲ್ಲೇ ಒಂದು ಗುಂಡಿ ಇದೆ. ಏಜೆಂಟ್‌ಗೆ ಮೂಲ ಸರ್ವರ್ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ, ರೀಡ್ ರೆಪ್ಲಿಕಾ (ಓದಲು ಮಾತ್ರ ಇರುವ ನಕಲು ಸರ್ವರ್) ಕೊಡುತ್ತಾರೆ. ಸರಿಯಾದ ಕ್ರಮವೇ. ಆದರೆ ಎನ್_ಲೈವ್_ಟಪ್, ಕೊನೆಯ ಅನಲೈಸ್‌ನ ಸಮಯ ಮುಂತಾದ ಕೌಂಟರ್‌ಗಳು ಆಯಾ ಸರ್ವರ್‌ನವು, ರೆಪ್ಲಿಕಾಕ್ಕೆ ಹರಿದು ಬರುವುದಿಲ್ಲ. ಅಲ್ಲಿ 18 ಲಕ್ಷ ಸಾಲಿನ ಟೇಬಲ್‌ಗೂ 0 ಕಾಣುತ್ತದೆ, ಅನಲೈಸ್ ಸಮಯ ಖಾಲಿ ಇರುತ್ತದೆ. ರೆಲ್‌ಟಪಲ್ಸ್ ಮತ್ತು ಪಿಜಿ_ಸ್ಟ್ಯಾಟ್ಸ್ (ಕಾಲಂವಾರು ಅಂಕಿಅಂಶ) ಕ್ಯಾಟಲಾಗ್‌ನಲ್ಲಿ ಇರುವುದರಿಂದ ಅವು ಬರುತ್ತವೆ. ಹಾಗಾಗಿ ಟೂಲ್ ಒಳಗೇ ‘ಇದು ರಿಕವರಿಯಲ್ಲಿರುವ ಸರ್ವರಾ’ (ಅಂದರೆ ರೆಪ್ಲಿಕಾವೇ) ಎಂದು ಪರೀಕ್ಷಿಸಿ, ಹೌದಾದರೆ ಆ ಕೌಂಟರ್‌ಗಳನ್ನು ಕೊಡಲೇಬಾರದು. ‘0’ ಬೇಡ, ‘ಈ ಸರ್ವರ್‌ನಲ್ಲಿ ಲಭ್ಯವಿಲ್ಲ’ ಎಂದು ಬರಲಿ. ವಿವರಣೆಯಲ್ಲಿ ಎಷ್ಟು ಎಚ್ಚರಿಸಿದರೂ, ಫಲಿತಾಂಶದಲ್ಲಿ 0 ಕಂಡರೆ ಏಜೆಂಟ್ 0 ಎಂದೇ ನಂಬುವ ಸಾಧ್ಯತೆ ಹೆಚ್ಚು.

ಆಗಸ್ಟ್‌ನಲ್ಲಿ ಕೈಕೊಡುವ ಅಂಕಿ

ಅಂಕಿಅಂಶ ಎಷ್ಟು ಹಳತಾಗಬಹುದು ಎನ್ನುವುದಕ್ಕೆ ನಮ್ಮ ಹರಾಜು ಟೇಬಲ್ ಒಳ್ಳೆಯ ಸಾಕ್ಷಿ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಟೇಬಲ್‌ಗೆ ಒಂದು ಸಾಲೂ ಸೇರುವುದಿಲ್ಲ. ನಿಷೇಧ ಮುಗಿದು ಬೋಟುಗಳು ಇಳಿದ ಮೇಲೆ ದಿನಕ್ಕೆ 2,500 ಸಾಲು ಸೇರುತ್ತದೆ, ಕೊನೆಯ ಅನಲೈಸ್ ಜುಲೈ 31ಕ್ಕೆ ಆಗಿದೆ ಎಂದಿಟ್ಟುಕೊಳ್ಳಿ.

ಪೋಸ್ಟ್‌ಗ್ರೆಸ್ (ಅದರೊಳಗಿನ ಆಟೋವ್ಯಾಕ್ಯೂಮ್) ತಾನಾಗಿ ಅನಲೈಸ್ ಮಾಡುವುದು ಬದಲಾದ ಸಾಲುಗಳು ಒಂದು ಮಿತಿ ದಾಟಿದಾಗ. ಪೂರ್ವನಿಗದಿ ಸೂತ್ರ: 50 + ಸಾಲುಗಳ ಶೇ. 10. ನಮ್ಮ ಟೇಬಲ್‌ಗೆ ಅದು 1,84,050. ದಿನಕ್ಕೆ 2,500ರಂತೆ ಅಷ್ಟಾಗಲು 74 ದಿನ ಬೇಕು, ಅಂದರೆ ಅಕ್ಟೋಬರ್ ಮಧ್ಯ. ಅಲ್ಲಿಯವರೆಗೆ ದಿನಾಂಕದ ಹಿಸ್ಟೋಗ್ರಾಂನ (ಮೌಲ್ಯಗಳು ಹೇಗೆ ಹರಡಿವೆ ಎಂದು ತೋರಿಸುವ ಗಡಿಗಳ ಪಟ್ಟಿಯ) ಕೊನೆಯ ಗಡಿ ಮೇ ತಿಂಗಳಲ್ಲೇ ನಿಂತಿರುತ್ತದೆ. ಸೆಪ್ಟೆಂಬರ್‌ನಲ್ಲಿ ಯಾರಾದರೂ ‘ನಮ್ಮಲ್ಲಿ ಎಲ್ಲಿಯವರೆಗಿನ ಲೆಕ್ಕ ಇದೆ?’ ಎಂದು ಕೇಳಿದರೆ, ಏಜೆಂಟ್ ಈ ಟೂಲ್ ನೋಡಿ ‘ಮೇ ಕೊನೆಯವರೆಗೆ’ ಎನ್ನುತ್ತದೆ. ಉತ್ತರ ತಪ್ಪು, ಆದರೆ ನಂಬುವಂತಿದೆ. ನಿಷೇಧದ ವಿಷಯ ಗೊತ್ತಿರುವವರು ‘ಹೌದಲ್ಲ, ಬೋಟು ಇಳಿಯಲಿಲ್ಲ’ ಎಂದು ಒಪ್ಪಿಬಿಡುತ್ತಾರೆ.

ಮದ್ದು ಎರಡು ಕಡೆ ಬೇಕು. ಡೇಟಾಬೇಸ್‌ನಲ್ಲಿ ಆ ಒಂದು ಟೇಬಲ್‌ಗೆ ಮಾತ್ರ ಆಟೋವ್ಯಾಕ್ಯೂಮ್_ಅನಲೈಸ್_ಸ್ಕೇಲ್_ಫ್ಯಾಕ್ಟರ್ ಅನ್ನು 0.01ಕ್ಕೆ ಇಳಿಸಿದರೆ ಮಿತಿ 18,450 ಆಗಿ ಸುಮಾರು ವಾರಕ್ಕೊಮ್ಮೆ ಅನಲೈಸ್ ಆಗುತ್ತದೆ. ಟೂಲ್‌ನ ಕಡೆಯಿಂದ, ಪ್ರತಿ ಫಲಿತಾಂಶದಲ್ಲೂ ಎರಡು ಸಂಗತಿ ಕಡ್ಡಾಯ: ಅನಲೈಸ್ ಆಗಿ ಎಷ್ಟು ಗಂಟೆ ಕಳೆಯಿತು, ಆಮೇಲೆ ಎಷ್ಟು ಸಾಲು ಬದಲಾಗಿದೆ (ಎನ್_ಮಾಡ್_ಸಿನ್ಸ್_ಅನಲೈಸ್). ಬರೀ ಸಮಯ ಕೊಟ್ಟರೆ ಸಾಲದು. ಏಜೆಂಟ್‌ಗೆ ಈಗ ಎಷ್ಟು ಗಂಟೆ ಎಂದು ಗೊತ್ತಿರುವ ಖಾತ್ರಿಯಿಲ್ಲ, ಸರ್ವರ್ ಯುಟಿಸಿಯಲ್ಲಿ ಹೇಳಿದರೆ ನಮ್ಮ ಐದೂವರೆ ಗಂಟೆಯ ಗೊಂದಲ ಬೇರೆ. ‘1,104 ಗಂಟೆಗಳ ಹಿಂದೆ, ನಂತರ 1,15,000 ಸಾಲು ಬದಲಾಗಿದೆ’ ಎಂದಿದ್ದರೆ ತಪ್ಪರ್ಥಕ್ಕೆ ಎಡೆಯಿಲ್ಲ. ಈ ಎರಡೂ ರೆಪ್ಲಿಕಾದಲ್ಲಿ ಸಿಗದ ಕೌಂಟರ್‌ಗಳೇ ಆದ್ದರಿಂದ, ಟೂಲ್ ಇವಿಷ್ಟನ್ನು ಮಾತ್ರ ಮೂಲ ಸರ್ವರ್‌ನಿಂದ ಓದುವಂತೆ ಮಾಡಿದರೆ ಒಳ್ಳೆಯದು. ಅಲ್ಲಿ ಇದು ನಯಾಪೈಸೆ ಹೊರೆಯಲ್ಲ.

ಟೂಲ್ ತಾನೇ ಅನಲೈಸ್ ಓಡಿಸಲಿ ಎಂಬ ಸಲಹೆ ಪ್ರತಿ ತಂಡದಲ್ಲೂ ಬರುತ್ತದೆ. ಬೇಡ. ಅದು ಓದುವ ಕೆಲಸವಲ್ಲ, ಟೇಬಲ್‌ನ ಒಡೆತನವೋ ಆವೃತ್ತಿ 17ರಿಂದ ಬಂದ ಮೇಂಟೇನ್ ಅನುಮತಿಯೋ ಬೇಕು, ರೆಪ್ಲಿಕಾದಲ್ಲಿ ಆಗುವುದೂ ಇಲ್ಲ. ಓದುವ ಟೂಲ್ ಓದುವುದಕ್ಕಷ್ಟೇ ಇರಲಿ. ಅನಲೈಸ್ ಹಳತಾಗಿದ್ದರೆ ‘ಡಿಬಿಎಗೆ ತಿಳಿಸಿ’ ಎಂದು ಹೇಳಿದರೆ ಸಾಕು.

ಕಾಲಂ ಅಂಕಿಗಳು: ಏಜೆಂಟ್ ಎಡವುವ ಜಾಗಗಳು

ಅನಲೈಸ್ ಪೂರ್ತಿ ಟೇಬಲ್ ಓದುವುದಿಲ್ಲ. ಡೀಫಾಲ್ಟ್_ಸ್ಟ್ಯಾಟಿಸ್ಟಿಕ್ಸ್_ಟಾರ್ಗೆಟ್ 100 ಇದ್ದರೆ ಅದರ 300 ಪಟ್ಟು, ಅಂದರೆ 30,000 ಸಾಲುಗಳ ಸ್ಯಾಂಪಲ್ ಎತ್ತಿಕೊಳ್ಳುತ್ತದೆ. ಮುಂದಿನ ಎಲ್ಲ ತಪ್ಪುಗಳಿಗೂ ಬೇರು ಇದೇ.

ಖಾಲಿ ಪ್ರಮಾಣ, ಅಂದರೆ ನಲ್_ಫ್ರ್ಯಾಕ್, 0 ಎಂದರೆ ಸ್ಯಾಂಪಲ್‌ನಲ್ಲಿ ಖಾಲಿ ಸಿಗಲಿಲ್ಲ ಎಂದಷ್ಟೇ. 30,000ದಲ್ಲಿ ಒಂದೂ ಸಿಗದಿದ್ದಾಗ, ನಿಜವಾದ ಪ್ರಮಾಣ 10,000ಕ್ಕೆ 1ರವರೆಗೂ ಇರಬಹುದು ಎನ್ನುವುದು ಸಂಖ್ಯಾಶಾಸ್ತ್ರದ ‘ಮೂರರ ನಿಯಮ’ (ಶೇ. 95 ಭರವಸೆಯಲ್ಲಿ). ನಮ್ಮ ಟೇಬಲ್‌ನಲ್ಲಿ ಅದು 184 ಖಾಲಿ ಸಾಲು. ‘ದರ ಕಾಲಂನಲ್ಲಿ ಖಾಲಿ ಇಲ್ಲ, ನಾಟ್ ನಲ್ (ಖಾಲಿ ಬಿಡುವಂತಿಲ್ಲ ಎಂಬ ನಿರ್ಬಂಧ) ಹಾಕಬಹುದು’ ಎಂದು ಏಜೆಂಟ್ ಸೂಚಿಸಿದರೆ, ಮೈಗ್ರೇಶನ್, ಅಂದರೆ ಟೇಬಲ್‌ನ ರಚನೆ ಬದಲಿಸುವ ಕೆಲಸ, ಅರ್ಧದಲ್ಲಿ ನಿಲ್ಲುವುದು ಇದೇ ಕಾರಣಕ್ಕೆ.

ಎನ್_ಡಿಸ್ಟಿಂಕ್ಟ್ (ಬೇರೆ ಬೇರೆ ಮೌಲ್ಯಗಳು ಎಷ್ಟು ಎಂಬ ಅಂದಾಜು) ಋಣ ಸಂಖ್ಯೆಯಾಗಿದ್ದರೆ ಅದು ಸಾಲುಗಳ ಅನುಪಾತ. −1 ಎಂದರೆ ಪ್ರತಿ ಸಾಲಿಗೂ ಬೇರೆ ಮೌಲ್ಯ, −0.5 ಎಂದರೆ ಸಾಲುಗಳ ಅರ್ಧದಷ್ಟು ಬಗೆ. ಇದನ್ನು ವಿವರಣೆಯಲ್ಲಿ ಕಲಿಸಲು ಹೋಗಬೇಡಿ. ಟೂಲ್ ಒಳಗೇ ಗುಣಿಸಿ ನೇರ ಸಂಖ್ಯೆ ಕೊಡಿ. ಆದರೆ ದೊಡ್ಡ ಟೇಬಲ್‌ಗಳಲ್ಲಿ ಈ ಅಂದಾಜು ನಿಜಕ್ಕಿಂತ ಕಡಿಮೆ ಬರುವುದೇ ಹೆಚ್ಚು ಎಂಬ ಒಂದು ಮಾತು ಇರಲೇಬೇಕು. ‘ಎಷ್ಟು ಬೋಟುಗಳು ಹರಾಜಿಗೆ ಬಂದಿವೆ’ ಎಂಬ ಪ್ರಶ್ನೆಗೆ ಬೋಟ್_ಸಂಖ್ಯೆಯ ಎನ್_ಡಿಸ್ಟಿಂಕ್ಟ್ ಉತ್ತರವಲ್ಲ.

ಸಾಮಾನ್ಯ ಮೌಲ್ಯಗಳ ಪಟ್ಟಿ ಈ ಟೂಲ್‌ನ ನಿಜವಾದ ಲಾಭ. ಬಳಕೆದಾರರು ‘ಬೂತಾಯಿ ಎಷ್ಟು ಬಂತು’ ಎಂದು ಕೇಳುತ್ತಾರೆ. ಟೇಬಲ್‌ನಲ್ಲಿ ‘ಬೂತಾಯಿ’ ಎಂದಿದೆಯೋ, ‘ಬೈಗೆ’ ಎಂದಿದೆಯೋ, ಕೊಂಕಣಿಯವರು ತುಂಬಿಸಿ ‘ತಾರ್ಲೆ’ ಆಗಿದೆಯೋ, ಮೊದಲೇ ನೋಡಿಕೊಂಡರೆ ಕ್ವೆರಿ ಸರಿಯಾಗುತ್ತದೆ. ನೋಡದಿದ್ದರೆ ‘ಸಾರ್ಡೀನ್’ ಎಂದು ಹುಡುಕಿ, ಸೊನ್ನೆ ಸಾಲು ಬಂದು, ‘ಬೂತಾಯಿ ಬಂದಿಲ್ಲ’ ಎನ್ನುತ್ತದೆ. ಫಿಲ್ಟರ್ ಬರೆಯುವ ಮುನ್ನ ಮೌಲ್ಯಗಳ ಬರಹ ಹೇಗಿದೆ ಎಂದು ನೋಡಲು ಈ ಟೂಲ್ ಬಳಸು ಎಂಬ ಸಾಲು ವಿವರಣೆಯ ಮೇಲ್ಭಾಗದಲ್ಲೇ ಇರಬೇಕು.

ಅದೇ ಪಟ್ಟಿಯಲ್ಲಿ ಎರಡು ಮೋಸಗಳಿವೆ. ಪಟ್ಟಿಯಲ್ಲಿ ಇಲ್ಲದ್ದು ಟೇಬಲ್‌ನಲ್ಲೂ ಇಲ್ಲ ಎಂದೇನಲ್ಲ. ತೊರಕೆ ಅಪರೂಪಕ್ಕೆ ಬಂದರೆ ಮೇಲಿನ 100ರಲ್ಲೂ ಸೇರದಿರಬಹುದು. ಇನ್ನೊಂದು, ಅಲ್ಲಿನ ಪ್ರಮಾಣ ಸಾಲುಗಳದ್ದು, ತೂಕದ್ದಲ್ಲ. ಬಂಗುಡೆಗೆ 0.21 ಎಂದಿದ್ದರೆ ಶೇ. 21 ಹರಾಜು ಸಾಲುಗಳು ಬಂಗುಡೆಯವು. ಒಂದು ಸಾಲಿನಲ್ಲಿ ಬಂಗುಡೆ ರಾಶಿಗಟ್ಟಲೆ, ಅಂಜಲ್ ನಾಲ್ಕೇ ಮೀನು ಇರಬಹುದು. ‘ಬಂದ ಮೀನಿನಲ್ಲಿ ಐದನೇ ಒಂದು ಪಾಲು ಬಂಗುಡೆ’ ಎಂದು ಏಜೆಂಟ್ ವರದಿ ಬರೆದರೆ ಬಂದರಿನ ಕಡೆಯವರು ನಗುತ್ತಾರೆ. ಆದ್ದರಿಂದ ಫಲಿತಾಂಶದಲ್ಲಿ ಆ ಅಂಕಿಯ ಹೆಸರನ್ನು ‘ಪ್ರಮಾಣ’ ಎನ್ನದೆ ‘ಸಾಲುಗಳ_ಪಾಲು’ ಎಂದೇ ಇಡಿ.

ಹಿಸ್ಟೋಗ್ರಾಂ ಕಟ್ಟುವಾಗ ಸಾಮಾನ್ಯ ಮೌಲ್ಯಗಳನ್ನು ಹೊರಗಿಡುತ್ತಾರೆ, ಹಾಗಾಗಿ ಅದರ ಮೊದಲ ಮತ್ತು ಕೊನೆಯ ಗಡಿ ಕನಿಷ್ಠ, ಗರಿಷ್ಠ ಆಗಿರಲೇಬೇಕೆಂದಿಲ್ಲ. ‘ಬಂದರು’ ಕಾಲಂನಲ್ಲಿ ಮೂರೇ ಮೌಲ್ಯ, ಮೂರೂ ಸಾಮಾನ್ಯ ಪಟ್ಟಿಯಲ್ಲೇ ಮುಗಿದು ಹಿಸ್ಟೋಗ್ರಾಂ ಖಾಲಿ ಬರುತ್ತದೆ. ಅದು ದೋಷವಲ್ಲ ಎಂದು ಒಂದು ಮಾತು ಸಾಕು.

ಕೋರಿಲೇಶನ್ ಎಂಬ ಕಾಲಂ ಇದೆ. ಡಿಸ್ಕ್‌ನಲ್ಲಿ ಸಾಲುಗಳು ಕೂತ ಕ್ರಮಕ್ಕೂ ಆ ಕಾಲಂನ ಮೌಲ್ಯಗಳ ಏರಿಳಿತದ ಕ್ರಮಕ್ಕೂ ಇರುವ ಹೊಂದಿಕೆ ಅದು. ಈ ಹೆಸರು ಕಂಡರೆ ಭಾಷಾ ಮಾದರಿ ಎರಡು ಕಾಲಂಗಳ ಸಂಬಂಧ ಎಂದೇ ಓದಿಕೊಳ್ಳುವ ಸಂಭವವಿದೆ: ‘ದರಕ್ಕೂ ದಿನಾಂಕಕ್ಕೂ 0.98 ಸಂಬಂಧ’ ಎಂಬಂಥ ವಾಕ್ಯ ಹುಟ್ಟುವುದು ಹೀಗೆ. ‘ಡಿಸ್ಕ್_ಕ್ರಮದ_ಹೊಂದಿಕೆ’ ಎಂದು ಹೆಸರು ಬದಲಿಸಿ, ಅಥವಾ ಕೊಡಲೇಬೇಡಿ. ವಿಶ್ಲೇಷಣೆ ಮಾಡುವ ಏಜೆಂಟ್‌ಗೆ ಇದರ ಅಗತ್ಯ ಇಲ್ಲ, ಇಂಡೆಕ್ಸ್ ಸಲಹೆ ಕೊಡುವ ಏಜೆಂಟ್‌ಗೆ ಮಾತ್ರ ಬೇಕು.

ಕನ್ನಡದ ಮೌಲ್ಯಗಳಿದ್ದರೆ

ಇಂಗ್ಲಿಷ್ ಡೇಟಾ ಇಟ್ಟುಕೊಂಡು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ, ಆದರೆ ಇಲ್ಲಿ ಬೇಕೇ ಬೇಕು.

ಕಾಲಂನ ಸರಾಸರಿ ಅಗಲವಾದ ಆ್ಯವ್ಜಿ_ವಿಡ್ತ್ ಹೇಳುವುದು ಬೈಟ್‌ಗಳನ್ನು. ‘ಬಂಗುಡೆ’ ಕಣ್ಣಿಗೆ 3 ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಸರಾಸರಿ ಅಗಲ 19 ಎಂದು ನೋಡಿದ ಏಜೆಂಟ್ ಕಾಲಂಗೆ 20 ಅಕ್ಷರದ ಮಿತಿ ಸೂಚಿಸಿದರೆ ತೊಂದರೆಯಿಲ್ಲ, ಜಾಸ್ತಿಯಾಯಿತು ಅಷ್ಟೇ. ಬೈಟ್‌ನಲ್ಲಿ ಮಿತಿ ಹೇಳುವ ಬೇರೆ ಸಿಸ್ಟಂಗೆ ಡೇಟಾ ಕಳಿಸುವಾಗ 6 ಬೈಟ್ ಎಂದುಕೊಂಡರೆ ಹೆಸರು ತುಂಡಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ‘ಗಂಗೊಳ್ಳಿ’. ಅದರ ‘ಗೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಯು+0ಸಿಸಿಎ ಎಂಬ ಒಂದೇ ಸಂಕೇತವಾಗಿ, ಅಥವಾ ಎತ್ವ (0ಸಿಸಿ6) ಮತ್ತು ಊತ್ವದ ಚಿಹ್ನೆ (0ಸಿಸಿ2) ಜೋಡಿಸಿ. ತೆರೆಯ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಎರಡೂ ಬೇರೆ. ಒಬ್ಬರು ಮೊಬೈಲಿನಿಂದ, ಇನ್ನೊಬ್ಬರು ಹಳೆಯ ಫಾಂಟ್‌ನಿಂದ ಪರಿವರ್ತಿಸಿ ತುಂಬಿದರೆ, ಸಾಮಾನ್ಯ ಪಟ್ಟಿಯಲ್ಲಿ ಗಂಗೊಳ್ಳಿ ಎರಡು ಸಲ ಬರುತ್ತದೆ, ಬಂದರುಗಳು ನಾಲ್ಕಾಗುತ್ತವೆ. ‘ಅಂಜಲ್’ನ ಕೊನೆಗೆ ಕಾಣದಂತೆ ಕೂರುವ ಜೀರೋ ವಿಡ್ತ್ ನಾನ್ ಜಾಯಿನರ್‌ನದ್ದೂ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಸಂಕೇತ) ಇದೇ ಕಾಟ. ಕನ್ನಡ ಕೀಬೋರ್ಡ್‌ಗಳಲ್ಲಿ ಅದನ್ನು ಒತ್ತುವ ಅಭ್ಯಾಸ ಹಲವರಿಗೆ ಇದೆ.

ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಡೇಟಾಬೇಸ್ ಯುಟಿಎಫ್-8ರಲ್ಲಿದ್ದರೆ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದು ಒತ್ವದ ಸಮಸ್ಯೆ ತೀರಿಸುತ್ತದೆ. ಕಾಣದ ಜಾಯಿನರ್ ಮಾತ್ರ ಅದರಿಂದ ಹೋಗುವುದಿಲ್ಲ, ಬೇರೆಯಾಗಿ ತೆಗೆಯಬೇಕು. ಟೂಲ್ ಮಾಡಬೇಕಾದದ್ದು ಇಷ್ಟು: ಸಾಮಾನ್ಯ ಮೌಲ್ಯಗಳನ್ನು ಹೀಗೆ ಶುದ್ಧ ಮಾಡಿ ಹೋಲಿಸಿ, ಒಂದೇ ಆಗಿ ಕಾಣುವ ಎರಡು ಸಿಕ್ಕರೆ ‘ಒಂದೇ ಕಾಣುವ 2 ರೂಪಗಳಿವೆ, ಫಿಲ್ಟರ್‌ನಲ್ಲಿ ಶುದ್ಧ ರೂಪ ಹೋಲಿಸಿ’ ಎಂಬ ಎಚ್ಚರಿಕೆಯನ್ನು ಫಲಿತಾಂಶಕ್ಕೆ ಸೇರಿಸುವುದು. ಟೂಲ್ ಸದ್ದಿಲ್ಲದೆ ಎರಡನ್ನೂ ಕೂಡಿಸಿ ಒಂದೇ ಮೌಲ್ಯವಾಗಿ ತೋರಿಸಬಾರದು. ಹಾಗೆ ಮಾಡಿದರೆ ಏಜೆಂಟ್ ಬರೆಯುವ ಕ್ವೆರಿಗೆ ಅರ್ಧ ಗಂಗೊಳ್ಳಿ ಮಾತ್ರ ಸಿಗುತ್ತದೆ, ಯಾಕೆಂದು ಅದಕ್ಕೂ ತಿಳಿಯುವುದಿಲ್ಲ.

ಈಗ ವಿವರಣೆ

ಟೂಲ್‌ನ ವಿವರಣೆ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ, ಟೂಲ್ ಬಳಸಿದರೂ ಬಳಸದಿದ್ದರೂ, ಮಾದರಿಯ ಕಾಂಟೆಕ್ಸ್ಟ್‌ನಲ್ಲಿ (ಅದು ಒಮ್ಮೆಗೆ ಓದಬಲ್ಲ ಸೀಮಿತ ಪಠ್ಯದಲ್ಲಿ) ಜಾಗ ಹಿಡಿದು ಕೂತಿರುತ್ತದೆ. ಆದ್ದರಿಂದ ಮೇಲೆ ಹೇಳಿದ್ದನ್ನೆಲ್ಲ ಅದರೊಳಗೆ ತುರುಕಬೇಡಿ. ನಿಯಮ ಇದು: ಟೂಲ್ ಆರಿಸುವ ತೀರ್ಮಾನಕ್ಕೆ ಬೇಕಾದದ್ದು ವಿವರಣೆಯಲ್ಲಿ, ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳಲು ಬೇಕಾದದ್ದು ಫಲಿತಾಂಶದಲ್ಲಿ ಆ ಸಂಖ್ಯೆಯ ಪಕ್ಕದಲ್ಲೇ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ (ಏಜೆಂಟ್‌ಗೆ ಟೂಲ್ ಜೋಡಿಸುವ ಮಾನದಂಡ) ಬಳಸುವುದಾದರೆ ಟೂಲ್‌ಗೆ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಏನೇನು ಕೊಡಬೇಕೆಂಬ ಪಟ್ಟಿ) ಇರುತ್ತವೆ. ಬೇರೆ ಚೌಕಟ್ಟುಗಳಲ್ಲೂ ಹೆಚ್ಚುಕಡಿಮೆ ಇವೇ ಮೂರು.

ನಮ್ಮ ಟೂಲ್‌ಗೆ ಒಂದು ಮಾದರಿ:

> ಟೇಬಲ್_ಅಂಕಿಅಂಶ
> ಒಂದು ಟೇಬಲ್‌ನ ಅಂದಾಜು ಗಾತ್ರ, ಸಾಲುಗಳ ಅಂದಾಜು ಸಂಖ್ಯೆ, ಮತ್ತು ಕೇಳಿದ ಕಾಲಂಗಳ ಸಾಮಾನ್ಯ ಮೌಲ್ಯಗಳನ್ನು ಕೊಡುತ್ತದೆ. ಟೇಬಲ್ ಓದುವುದಿಲ್ಲ, ಡೇಟಾಬೇಸ್ ಮೊದಲೇ ಸಂಗ್ರಹಿಸಿದ ಸ್ಯಾಂಪಲ್‌ನಿಂದ ಹೇಳುತ್ತದೆ.
> ಬಳಸಬೇಕಾದದ್ದು: (ಅ) ಫಿಲ್ಟರ್ ಬರೆಯುವ ಮುನ್ನ ಮೌಲ್ಯಗಳು ಹೇಗೆ ಬರೆದಿವೆ ಎಂದು ನೋಡಲು, (ಆ) ಕ್ವೆರಿ ಭಾರವಾಗುತ್ತದೆಯೇ ಎಂದು ತೀರ್ಮಾನಿಸಲು.
> ಬಳಸಬಾರದ್ದು: ಎಷ್ಟು, ಒಟ್ಟು, ಕನಿಷ್ಠ, ಗರಿಷ್ಠ, ಕೊನೆಯ ದಿನಾಂಕ, ಇದೆಯೇ ಇಲ್ಲವೇ ಎಂಬ ಬಳಕೆದಾರರ ಪ್ರಶ್ನೆಗೆ ಉತ್ತರವಾಗಿ. ಅದಕ್ಕೆ ಕ್ವೆರಿ_ಓಡಿಸು ಬಳಸಿ.
> ಇಲ್ಲಿನ ಸಂಖ್ಯೆಯನ್ನು ಬಳಕೆದಾರರಿಗೆ ಹೇಳಲೇಬೇಕಾದರೆ ‘ಅಂದಾಜು’ ಎಂದು ಹೇಳಿ, ಎಷ್ಟು ಹಳೆಯದೆಂದೂ ತಿಳಿಸಿ.

‘ಬಳಸಬಾರದ್ದು’ ಎಂಬ ಭಾಗವೇ ಇದರ ಜೀವ. ಅದರಲ್ಲೂ ಬದಲಿ ಟೂಲ್‌ನ ಹೆಸರು ಕೊಟ್ಟಿರಬೇಕು. ಬರೀ ‘ಬೇಡ’ ಎಂದರೆ ಏಜೆಂಟ್ ಬೇರೆ ದಾರಿ ಕಾಣದೆ ಮತ್ತೆ ಇದನ್ನೇ ಕರೆಯುತ್ತದೆ.

ವಿವರಣೆ ಕನ್ನಡದಲ್ಲಿ ಬರೆಯಬೇಕೇ ಇಂಗ್ಲಿಷಿನಲ್ಲೇ ಎಂಬುದು ಖರ್ಚಿನ ಲೆಕ್ಕ. ಹೆಚ್ಚಿನ ಟೋಕನೈಸರ್‌ಗಳಲ್ಲಿ (ಪಠ್ಯವನ್ನು ಮಾದರಿಗಾಗಿ ಟೋಕನ್ ಎಂಬ ತುಂಡುಗಳಾಗಿ ಒಡೆಯುವವು) ಅದೇ ಮಾತು ಕನ್ನಡದಲ್ಲಿ ಹೆಚ್ಚು ಟೋಕನ್ ತಿನ್ನುತ್ತದೆ. ಟೂಲ್‌ಗಳು ಹತ್ತಾರು ಇದ್ದರೆ ವಿವರಣೆ ಇಂಗ್ಲಿಷಿನಲ್ಲಿರಲಿ, ಮೀನಿನ ಹೆಸರು, ಬಂದರಿನ ಹೆಸರು ಮಾತ್ರ ಟೇಬಲ್‌ನಲ್ಲಿರುವ ಲಿಪಿಯಲ್ಲೇ ಇರಲಿ.

ಪ್ಯಾರಾಮೀಟರ್‌ಗಳು ಮೂರು ಸಾಕು. ‘ಟೇಬಲ್’ ಕಡ್ಡಾಯ, ಸ್ಕೀಮಾದ ಹೆಸರು ಸೇರಿಸಿ. ‘ಕಾಲಂಗಳು’ ಒಂದು ಪಟ್ಟಿ, ಖಾಲಿ ಬಿಟ್ಟರೆ ಕಾಲಂ ವಿವರ ಬರುವುದಿಲ್ಲ, ಟೇಬಲ್ ಮಟ್ಟದ್ದು ಮಾತ್ರ. ‘ಮೌಲ್ಯ_ಮಿತಿ’ ಪೂರ್ವನಿಗದಿ 10, ಗರಿಷ್ಠ 100. ಈ ಮಿತಿ ಇಲ್ಲದೆ 40 ಕಾಲಂನ ಟೇಬಲ್ ಕೇಳಿದರೆ, ಕಾಲಂಗೆ 100 ಸಾಮಾನ್ಯ ಮೌಲ್ಯ, 101 ಹಿಸ್ಟೋಗ್ರಾಂ ಗಡಿಯಂತೆ ಎಂಟು ಸಾವಿರ ಚಿಲ್ಲರೆ ಮೌಲ್ಯಗಳು ಸುರಿದು ಕಾಂಟೆಕ್ಸ್ಟ್ ತುಂಬುತ್ತದೆ. ‘ಖಚಿತ ಎಣಿಕೆ’ ಎಂಬ ಸ್ವಿಚ್ಚನ್ನು ಇದೇ ಟೂಲ್‌ಗೆ ಸೇರಿಸುವ ಆಸೆ ಬರುತ್ತದೆ. ಸೇರಿಸಿದರೆ ಏಜೆಂಟ್ ಅದನ್ನು ಪ್ರತಿ ಸಲ ಒತ್ತುತ್ತದೆ, ಖಚಿತ ಎಂಬ ಪದ ಅದಕ್ಕೆ ಅಷ್ಟು ಇಷ್ಟ.

ಫಲಿತಾಂಶ ಹೀಗಿರಲಿ:

> ಟೇಬಲ್: ಪಬ್ಲಿಕ್.ಹರಾಜು
> ಸಾಲುಗಳು_ಅಂದಾಜು: 1840000
> ಮೂಲ: ರೆಲ್‌ಟಪಲ್ಸ್
> ಅನಲೈಸ್_ಆಗಿ_ಗಂಟೆಗಳು: 1104
> ಆಮೇಲೆ_ಬದಲಾದ_ಸಾಲುಗಳು: 115000
> ಎಚ್ಚರಿಕೆ: ಹೊಸ ಸಾಲುಗಳು ಈ ಅಂಕಿಅಂಶದಲ್ಲಿ ಇಲ್ಲ. ದಿನಾಂಕದ ಗಡಿಗಳನ್ನು ನಂಬಬೇಡಿ.
> ಕಾಲಂ: ಮೀನು
> ಖಾಲಿ_ಪಾಲು_ಸ್ಯಾಂಪಲ್‌ನಲ್ಲಿ: 0
> ಸಾಮಾನ್ಯ_ಮೌಲ್ಯಗಳು: ಬಂಗುಡೆ 0.21, ಬೂತಾಯಿ 0.17, ಸಿಗಡಿ 0.09 …
> ಪಟ್ಟಿ_ಪೂರ್ಣವೇ: ಇಲ್ಲ

ಸಂಖ್ಯೆಗಳಲ್ಲಿ ಅಲ್ಪವಿರಾಮ ಹಾಕಬೇಡಿ. 18,40,000 ಎಂಬ ನಮ್ಮ ಬರಹವೂ 1,840,000 ಎಂಬ ಅವರ ಬರಹವೂ ಒಂದೇ ಫಲಿತಾಂಶದಲ್ಲಿ ಬೆರೆತರೆ ಲಕ್ಷ, ಮಿಲಿಯನ್ ಅದಲುಬದಲಾಗುತ್ತವೆ. ಎಚ್ಚರಿಕೆ ಯಾವಾಗಲೂ ಬರಬಾರದು, ಬದಲಾದ ಸಾಲು ಒಟ್ಟಿನ ಶೇ. 5 ದಾಟಿದಾಗ ಎಂಬಂತೆ ಗೆರೆ ಎಳೆಯಿರಿ. ಸದಾ ಕಾಣುವ ಎಚ್ಚರಿಕೆಗೆ ಏಜೆಂಟ್ ಕೂಡ ಕಿವಿಗೊಡುವುದಿಲ್ಲ.

ದೋಷದ ಸಂದೇಶಗಳೂ ವಿವರಣೆಯ ಭಾಗವೇ. ಪಿಜಿ_ಸ್ಟ್ಯಾಟ್ಸ್‌ನಲ್ಲಿ ಸಾಲು ಸಿಗದಿರಲು ಕಾರಣ ಹಲವು: ಟೇಬಲ್ ಇಲ್ಲ, ಓದುವ ಅನುಮತಿ ಇಲ್ಲ, ಆ ಟೇಬಲ್‌ಗೆ ರೋ ಸೆಕ್ಯುರಿಟಿ (ಯಾರು ಯಾವ ಸಾಲು ನೋಡಬಹುದೆಂಬ ನಿರ್ಬಂಧ) ಇದೆ, ಅನಲೈಸ್ ಆಗಿಲ್ಲ. ಎಲ್ಲಕ್ಕೂ ಖಾಲಿ ಪಟ್ಟಿ ಕೊಟ್ಟರೆ ಏಜೆಂಟ್ ‘ಟೇಬಲ್ ಖಾಲಿ’ ಎನ್ನುತ್ತದೆ. ಒಂದೊಂದಕ್ಕೂ ಬೇರೆ ವಾಕ್ಯ ಬರೆದು, ಮುಂದೇನು ಮಾಡಬೇಕೆಂದೂ ಹೇಳಿ: ‘ಹರಾಜುಗಳು ಎಂಬ ಟೇಬಲ್ ಇಲ್ಲ. ಹತ್ತಿರದ ಹೆಸರು: ಪಬ್ಲಿಕ್.ಹರಾಜು.’ ಟೇಬಲ್ ಅನ್ನು ವರ್ಷವಾರು ಪಾರ್ಟಿಶನ್ (ತುಂಡು) ಮಾಡಿದ್ದರೆ ಇನ್ನೊಂದು ಸಂಗತಿ ಗಮನಿಸಿ. ಮೇಲಿನ ತಾಯಿ ಟೇಬಲ್‌ಗೆ ಆಟೋವ್ಯಾಕ್ಯೂಮ್ ಅನಲೈಸ್ ಮಾಡುವುದಿಲ್ಲ, ಕೈಯಾರೆ ಮಾಡಬೇಕು. ಟೂಲ್ ಪಾರ್ಟಿಶನ್‌ಗಳ ಸಾಲುಗಳನ್ನು ಕೂಡಿಸಿ ಕೊಡಬೇಕು, ಕೂಡಿಸಿದ್ದೆಂದು ಮೂಲದಲ್ಲಿ ಬರೆಯಬೇಕು.

ಮೊಬೈಲ್ ನಂಬರಿನ ಕಾಲಂ

ಅಂಕಿಅಂಶ ಎಂದರೆ ಬರೀ ಸಂಖ್ಯೆ, ಅದರಲ್ಲಿ ಗುಟ್ಟೇನಿದೆ ಎಂಬ ಭಾವನೆ ತಪ್ಪು. ಸಾಮಾನ್ಯ ಮೌಲ್ಯ, ಹಿಸ್ಟೋಗ್ರಾಂ ಗಡಿ ಎರಡೂ ಟೇಬಲ್‌ನಿಂದ ಎತ್ತಿದ ಅಸಲಿ ಮೌಲ್ಯಗಳು. ಖರೀದಿದಾರ_ಮೊಬೈಲ್ ಕಾಲಂ ಕೇಳಿದರೆ ದಿನವೂ ಕೊಳ್ಳುವ ವ್ಯಾಪಾರಿಗಳ ನಂಬರುಗಳು ಮಾದರಿಯ ಕೈಗೆ, ಅಲ್ಲಿಂದ ಲಾಗ್‌ಗೆ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಹಗುರವಾಗಿ ನೋಡುವಂತಿಲ್ಲ.

‘ವೈಯಕ್ತಿಕ ಕಾಲಂ ಕೇಳಬೇಡ’ ಎಂದು ವಿವರಣೆಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ, ಅದು ಬಾಗಿಲಿಗೆ ಬೀಗ ಹಾಕುವ ಬದಲು ‘ಒಳಗೆ ಬರಬೇಡಿ’ ಎಂದು ಚೀಟಿ ಅಂಟಿಸಿದ ಹಾಗೆ. ಟೂಲ್ ಬಳಸುವ ಡೇಟಾಬೇಸ್ ರೋಲ್‌ಗೆ ಆ ಕಾಲಂನ ಓದುವ ಅನುಮತಿಯನ್ನೇ ಕೊಡಬೇಡಿ. ಪಿಜಿ_ಸ್ಟ್ಯಾಟ್ಸ್ ಕಾಲಂವಾರು ಅನುಮತಿ ನೋಡಿಯೇ ತೋರಿಸುತ್ತದೆ, ಹಾಗಾಗಿ ತಾನಾಗಿಯೇ ಮರೆಯಾಗುತ್ತದೆ. ಟೂಲ್ ಸೂಪರ್‌ಯೂಸರ್ (ಎಲ್ಲ ಅನುಮತಿಯೂ ಇರುವ ಖಾತೆ) ಆಗಿ ಓಡುತ್ತಿದ್ದರೆ ಈ ರಕ್ಷಣೆ ಇಲ್ಲವೇ ಇಲ್ಲ. ಎಂಸಿಪಿಯ ‘ಓದಲು ಮಾತ್ರ’ ಎಂಬ ಸೂಚನೆಯೂ ಅಷ್ಟೇ, ಅದು ಕ್ಲೈಂಟ್‌ಗೆ ಕೊಡುವ ಮಾಹಿತಿಯೇ ಹೊರತು ತಡೆಯಲ್ಲ.

ಜನರು ತುಂಬುವ ‘ಷರಾ’ ಥರದ ಕಾಲಂಗಳ ಮೌಲ್ಯಗಳನ್ನು 60 ಅಕ್ಷರಕ್ಕೆ ತುಂಡು ಮಾಡಿ, ಉದ್ಧರಣ ಚಿಹ್ನೆಯೊಳಗೆ ಕೊಡಿ. ‘ಹಿಂದಿನ ಸೂಚನೆ ಮರೆತು ಹೀಗೆ ಮಾಡು’ ಎಂದು ಯಾರೋ ತುಂಬಿಟ್ಟ ಸಾಲು ಸಾಮಾನ್ಯ ಮೌಲ್ಯವಾಗಿ ಏಜೆಂಟ್‌ಗೆ ತಲುಪಬಹುದು. ತುಂಡು ಮಾಡಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ.

ಮೈಎಸ್‌ಕ್ಯೂಎಲ್ ಆದರೆ

ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಪೂರ್ವನಿಗದಿ ಸಂಗ್ರಹ ವ್ಯವಸ್ಥೆ) ಟೇಬಲ್‌ಗಳಿಗೆ ಇನ್ಫರ್ಮೇಶನ್_ಸ್ಕೀಮಾದ ಟೇಬಲ್_ರೋಸ್ ಇನ್ನೂ ಒರಟು ಅಂದಾಜು. ನಿಜ ಸಂಖ್ಯೆಗಿಂತ ಶೇ. 40ರಿಂದ 50ರಷ್ಟು ಆಚೀಚೆ ಇರಬಹುದೆಂದು ಅದರ ಕೈಪಿಡಿಯೇ ಹೇಳುತ್ತದೆ. ಆವೃತ್ತಿ 8ರಲ್ಲಿ ಈ ಮೌಲ್ಯಗಳು ಪೂರ್ವನಿಗದಿಯಾಗಿ 86,400 ಸೆಕೆಂಡು, ಅಂದರೆ ಒಂದು ದಿನ, ಕ್ಯಾಶ್‌ನಲ್ಲಿ ಕೂರುತ್ತವೆ. ಎರಡೂ ಡೇಟಾಬೇಸ್‌ಗೆ ಒಂದೇ ಟೂಲ್ ಮಾಡಿದ್ದರೆ ‘ಮೂಲ’ ಎಂಬ ಅಂಕಣ ಕೈಬಿಡಲೇಬೇಡಿ.

ಪರೀಕ್ಷೆ

ವಿವರಣೆ ಚೆನ್ನಾಗಿದೆಯೇ ಎಂದು ಓದಿ ಹೇಳಲಾಗದು, ಏಜೆಂಟ್‌ಗೆ ಪ್ರಶ್ನೆ ಕೊಟ್ಟು ಅದು ಯಾವ ಟೂಲ್ ಕರೆಯಿತು ಎಂದು ನೋಡಬೇಕು. ಹದಿನೈದಿಪ್ಪತ್ತು ಪ್ರಶ್ನೆ ಸಾಕು, ಆದರೆ ಅರ್ಧದಷ್ಟು ಈ ಟೂಲ್ ಕರೆಯಬಾರದ ಪ್ರಶ್ನೆಗಳಾಗಿರಲಿ. ‘ನಿನ್ನೆ ಮಲ್ಪೆಯಲ್ಲಿ ಎಷ್ಟು ಕಿಲೋ ಅಂಜಲ್ ಹೋಯಿತು?’ ಕರೆಯಬಾರದು, ಕರೆದರೂ ಹೆಸರಿನ ಬರಹ ನೋಡಲು ಮಾತ್ರ. ‘ಐದು ವರ್ಷದ ಲೆಕ್ಕ ಪೂರ್ತಿ ತೆಗೆದರೆ ಸರ್ವರ್‌ಗೆ ಭಾರವಾ?’ ಕರೆಯಬೇಕು. ‘ತೊರಕೆ ಒಮ್ಮೆಯಾದರೂ ಬಂದಿದೆಯಾ?’ ಇದು ಒಳ್ಳೆಯ ಬಲೆ. ಸಾಮಾನ್ಯ ಪಟ್ಟಿ ನೋಡಿ ‘ಇಲ್ಲ’ ಎಂದರೆ ವಿವರಣೆ ಸೋತಿದೆ.

ಪರೀಕ್ಷೆಯ ಡೇಟಾಬೇಸ್ ಅನ್ನು ಬೇಕೆಂದೇ ಕೆಡಿಸಿ: ಅನಲೈಸ್ ಮಾಡಿದ ಮೇಲೆ ಆಟೋವ್ಯಾಕ್ಯೂಮ್ ನಿಲ್ಲಿಸಿ ಎರಡು ತಿಂಗಳ ಸಾಲು ಸೇರಿಸಿ, ಗಂಗೊಳ್ಳಿಯ ಎರಡೂ ರೂಪ ಹಾಕಿ, ದರ ಕಾಲಂನಲ್ಲಿ 50 ಸಾಲು ಖಾಲಿ ಬಿಡಿ, ಒಂದು ಟೇಬಲ್‌ನ ಅನುಮತಿ ತೆಗೆಯಿರಿ. ಅಚ್ಚುಕಟ್ಟಾದ ಡೇಟಾ ಮೇಲೆ ಎಲ್ಲ ವಿವರಣೆಯೂ ಪಾಸಾಗುತ್ತದೆ. ಪ್ರತಿ ಪ್ರಶ್ನೆಯನ್ನೂ ನಾಲ್ಕೈದು ಸಲ ಕೇಳಿ, ಒಮ್ಮೆ ಸರಿ ಹೇಳಿದ್ದು ಮತ್ತೊಮ್ಮೆ ತಪ್ಪುವುದು ಭಾಷಾ ಮಾದರಿಗಳ ಸ್ವಭಾವ. ತಪ್ಪಿದಾಗ ವಿವರಣೆಗೆ ಇನ್ನೊಂದು ವಾಕ್ಯ ಸೇರಿಸುವ ಮುನ್ನ, ಫಲಿತಾಂಶದಲ್ಲಿನ ಹೆಸರನ್ನೇ ಬದಲಿಸಿ ನೋಡಿ. ‘ಸಾಲುಗಳು’ ಎಂಬುದನ್ನು ‘ಸಾಲುಗಳು_ಅಂದಾಜು’ ಮಾಡಿದರೆ ಸಿಗುವ ಲಾಭ ಮೂರು ಸಾಲಿನ ಎಚ್ಚರಿಕೆಗಿಂತ ಹೆಚ್ಚು. ಮಾದರಿ ಬದಲಾದಾಗ, ಪೋಸ್ಟ್‌ಗ್ರೆಸ್ ಆವೃತ್ತಿ ಏರಿಸಿದಾಗ ಇದೇ ಪ್ರಶ್ನೆಗಳನ್ನು ಮತ್ತೆ ಓಡಿಸಿ. 18ಕ್ಕಿಂತ ಹಿಂದಿನ ಆವೃತ್ತಿಗಳಿಗೆ ಪಿಜಿ_ಅಪ್‌ಗ್ರೇಡ್ ಎಂಬ ಸಲಕರಣೆಯಿಂದ ಏರಿಸಿದರೆ ಕಾಲಂ ಅಂಕಿಅಂಶ ಜೊತೆಗೆ ಬರುವುದಿಲ್ಲ. ಅನಲೈಸ್ ಮುಗಿಯುವವರೆಗೆ ಟೂಲ್ ಎಲ್ಲ ಟೇಬಲ್‌ಗೂ ‘ಅನಲೈಸ್ ಆಗಿಲ್ಲ’ ಎಂದೇ ಹೇಳಬೇಕು.